ಹುಣಸೆಬೀಜದ ಗಂಜಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನ್ಯಾಮತಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದವನು ವಾಪಸು ಹೊನ್ನಾಳಿಗೆ ಹೊರಟಿದ್ದೆ. ಮಳೆ ಹಿಡಿದುಕೊಂಡಿತ್ತು, ಬಸ್ಸು ಬಂದಿರಲಿಲ್ಲ. ಕುರಿ ವ್ಯಾಪಾರಕ್ಕೆ ಬಂದವನಂತೆ ಕಾಣುತ್ತಿದ್ದ ಒಬ್ಬ ಓಡಿಬಂದು, ತಲೆಯ ಮೇಲಿನ ಕಂಬಳಿ ತೆಗೆದು ಎರಡು ಸಲ ಒದರಿ, ನಮ್ಮಿಬ್ಬರ ನಡುವಿನ ಕಲ್ಲುಬೆಂಚಿನ ಮೇಲೆ ಹರವಿದ. ಹೊಸ ಕಂಬಳಿ. ಅದರಿಂದ ಎದ್ದದ್ದು ಉಣ್ಣೆಯ ವಾಸನೆ ಮಾತ್ರ ಆಗಿರಲಿಲ್ಲ. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು. ಹುರಿದದ್ದು, ಬೇಯಿಸಿದ್ದು, ತುಸು ಹುಳಿಗೆ ತಿರುಗಿದ್ದು...

ನಾನು ಬಗ್ಗಿ ಮೂಸಿದ್ದನ್ನು ಆತ ನೋಡಿಬಿಟ್ಟ.

"ವಾಸ್ನೆ ಬರ್ತೈತೇನ್ರೀ? ಹೊಸದು, ಜಗಳೂರು ಕಡೇದು. ಹುಣ್ಸೆಬೀಜದ ಗಂಜಿ ಹಾಕಿರ್ತಾರೆ, ಅದ್ಕೆ. ಬೇಕಾದ್ರೆ ಆ ಕಡೀಕೆ ಹಾಕ್ತೀನಿ."

"ಬೇಡಿ, ಇಲ್ಲೇ ಇರಲಿ," ಅಂದೆ.

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಆತನೂ ಎದ್ದುಹೋದ ಮೇಲೆ ಬೆಂಚಿನ ಮೇಲೆ ಕಂಬಳಿಯ ಅಗಲಕ್ಕೆ ಒದ್ದೆಯ ಗುರುತು ಉಳಿದಿತ್ತು. ಅದು ಆರುವ ತನಕ ಕೂತಿದ್ದೆ.

ಆ ವಾಸನೆ ಒಂದು ಕಾಲದಲ್ಲಿ ನನ್ನ ಕೈಯಲ್ಲೇ ಇತ್ತು. ಚನ್ನಗಿರಿಯ ಒಂದು ಔಷಧಿ ಅಂಗಡಿಯಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಮಾಲೀಕರು ಹಲ್ಲಿನ ಡಾಕ್ಟರಮ್ಮನಿಗೆ ಬಾಡಿಗೆಗೆ ಕೊಟ್ಟಿದ್ದರು. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಡ್ರಿಲ್ಲು, ಒಂದು ಕುರ್ಚಿ. ಹಿಂದಿನದರಲ್ಲಿ ಅವರ ಮಂಚ, ಸೀಮೆಎಣ್ಣೆ ಸ್ಟೌ, ಒಂದೇ ಒಂದು ತಟ್ಟೆ. ಅವರು ಬಂದದ್ದು ಎಪ್ಪತ್ತೆಂಟರಲ್ಲಿರಬೇಕು, ಅಥವಾ ಅದರ ಮರುವರ್ಷ. ಮೈಸೂರು ಕಡೆಯ ಮಾತು. ನಲವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಯಾಕೆ ಇಲ್ಲಿಗೇ ಬಂದರು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆ, "ಇಲ್ಲಿ ಹಲ್ಲಿನ ಡಾಕ್ಟರು ಯಾರೂ ಇರಲಿಲ್ಲವಲ್ಲ," ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು.

ವಾರದಲ್ಲಿ ಮೂರು ದಿನ ಬಸ್ಸಿನಲ್ಲಿ ತಿರುಗುತ್ತಿದ್ದರು. ಮಂಗಳವಾರ ಹೊನ್ನಾಳಿ, ಗುರುವಾರ ನ್ಯಾಮತಿ, ಶನಿವಾರ ಎರಡು ಬಸ್ಸು ಬದಲಿಸಿ ಜಗಳೂರು. ಕೈಯಲ್ಲಿ ಇಕ್ಕಳಗಳ ಚರ್ಮದ ಚೀಲ, ಬುತ್ತಿ. ಆ ಬುತ್ತಿಯನ್ನು ಅವರು ಯಾರ ಮನೆಯಲ್ಲೂ ಕೂತು ಉಂಡದ್ದನ್ನು ನಾನು ನೋಡಿಲ್ಲ. ಅದಕ್ಕೆ ಕಾರಣವಿತ್ತು. ನಮ್ಮಲ್ಲಿ ಮನೆಗೆ ಬಂದವರ ಮುಂದೆ ಮೊದಲು ಇಡುವುದು ಎಲೆ ಅಡಿಕೆಯ ತಟ್ಟೆ. ಅವರು ಅದನ್ನು ಮುಟ್ಟುತ್ತಿರಲಿಲ್ಲ. ದಿನವಿಡೀ ಅದರಿಂದ ಹಾಳಾದ ಬಾಯಿಗಳನ್ನು ನೋಡಿದವರು ಹೇಗೆ ಮುಟ್ಟಿಯಾರು? ಮೊದಲ ವರ್ಷ ಜನ ಕರೆದರು. ಗೃಹಪ್ರವೇಶಕ್ಕೆ, ನಾಮಕರಣಕ್ಕೆ. ತಟ್ಟೆಯನ್ನು ನಗುತ್ತಲೇ ಪಕ್ಕಕ್ಕೆ ಸರಿಸಿದ ಹೆಂಗಸನ್ನು ಎರಡನೆಯ ವರ್ಷ ಯಾರೂ ಕರೆಯಲಿಲ್ಲ. ದ್ವೇಷವೇನಲ್ಲ. ಬೀದಿಯಲ್ಲಿ ಕಂಡರೆ ಎದ್ದುನಿಂತು ನಮಸ್ಕಾರ ಮಾಡುತ್ತಿದ್ದರು. ಅಷ್ಟೇ.

ಭಾನುವಾರಗಳಂದು ಮೇಲಿನ ಕೋಣೆಯಿಂದ ಕುರ್ಚಿ ಎಳೆದ ಸದ್ದು ಕೇಳುತ್ತಿತ್ತು, ಕಿಟಕಿಯ ಹತ್ತಿರಕ್ಕೆ. ಸಂಜೆ ಮತ್ತೆ ಒಳಕ್ಕೆ ಎಳೆದ ಸದ್ದು. ನಡುವೆ ಏನೂ ಇಲ್ಲ.

ಬಂದವರೆಲ್ಲ ಕೇಳುತ್ತಿದ್ದುದು ಒಂದೇ: "ಅಲ್ಲಾಡ್ತೈತೆ, ಕಿತ್ತಾಕಿ ಬಿಡ್ರಿ." ಮೂವತ್ತು ವರ್ಷದ ಹೆಂಗಸರು, ಮೂವತ್ತೈದರ ಗಂಡಸರು. ಹಲ್ಲು ಗಟ್ಟಿಯಾಗಿಯೇ ಇರುತ್ತಿತ್ತು. ಅದನ್ನು ಹಿಡಿದುಕೊಳ್ಳಬೇಕಾದ ವಸಡು ಸಡಿಲವಾಗಿರುತ್ತಿತ್ತು. ಡಾಕ್ಟರಮ್ಮ ನನಗೆ ಒಮ್ಮೆ ಕನ್ನಡಿ ಹಿಡಿದು ತೋರಿಸಿದ್ದರು. ಹಲ್ಲಿಗೂ ವಸಡಿಗೂ ನಡುವೆ ಅಂಗಿಯ ಜೇಬಿನಂಥ ಒಂದು ಸಂದು. ಎಲ್ಲರಿಗೂ ಇರುತ್ತದೆ, ಎರಡು ಮೂರು ಮಿಲಿಮೀಟರು. ರೋಗ ಹಿಡಿದರೆ ಅದು ಆಳವಾಗುತ್ತದೆ. ಐದು, ಆರು, ಎಂಟು. ಒಳಗೆ ಕೀವು ಕೂರುತ್ತದೆ. ಗೆರೆ ಕೊರೆದ ತೆಳ್ಳನೆಯ ಒಂದು ಕಡ್ಡಿಯನ್ನು ಆ ಸಂದಿನಲ್ಲಿ ಇಳಿಸಿ ಅವರು ಆಳ ಅಳೆಯುತ್ತಿದ್ದರು. ಎಷ್ಟನೇ ಗೆರೆ, ರಕ್ತ ಬಂತೋ ಇಲ್ಲವೋ. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ.

"ಮಾತ್ರೆ ನುಂಗಿಸಿದ್ರೆ ಔಷಧಿ ಮೈಯೆಲ್ಲಾ ಸುತ್ತಿ ಇಲ್ಲಿಗೆ ಬರೋ ಹೊತ್ತಿಗೆ ಎಷ್ಟು ಉಳಿಯತ್ತೆ ಹೇಳಿ," ಎನ್ನುತ್ತಿದ್ದರು. "ಒಂದು ಗಿಡ ಒಣಗಿದೆ ಅಂತ ಇಡೀ ಊರಿಗೆ ನೀರು ಬಿಟ್ಟ ಹಾಗೆ. ಔಷಧಿ ಈ ಸಂದಿನಲ್ಲೇ ಕೂತು, ನಾಲ್ಕು ದಿನ ಸ್ವಲ್ಪ ಸ್ವಲ್ಪವೇ ಬಿಡಬೇಕು. ಕೂರಿಸೋದು ಯಾವುದರಲ್ಲಿ?"

ಆ ಪ್ರಶ್ನೆ ಅವರನ್ನು ಹಿಡಿದುಕೊಂಡಿತ್ತು. ದೂರದ ದೇಶಗಳಲ್ಲಿ ಕೆಲವರು ಇಂಥದ್ದನ್ನು ಮಾಡುತ್ತಿದ್ದಾರೆಂದು ಎಲ್ಲೋ ಓದಿದ್ದರು. ಅವರು ಬಳಸಿದ ಸಾಮಾನು ನಮಗೆ ಸಿಗುವಂಥದ್ದಲ್ಲ. ಅಂಗಡಿಯ ಹಿಂದೆ ಔಷಧಿ ಅರೆಯುವ ಕಲ್ಲು ಇದ್ದ ಜಾಗದಲ್ಲಿ ನಾವಿಬ್ಬರೂ ಶುರುಮಾಡಿದೆವು. ಕೀವಿಗೆ ಕೊಡುವ ಕ್ಯಾಪ್ಸೂಲು ಬಿಚ್ಚಿದರೆ ಒಳಗಿನ ಪುಡಿ ಹಳದಿ. ಅದನ್ನು ಯಾವುದಾದರೂ ಅಂಟಿನಲ್ಲಿ ಕಲಸಿ, ಗಾಜಿನ ಪಟ್ಟಿಗೆ ಬಳಿದು, ಉಗುರುಬೆಚ್ಚಗಿನ ನೀರಿನ ಲೋಟಕ್ಕೆ ಇಳಿಬಿಡುವುದು. ನೀರು ಹಳದಿಯಾಗಲು ಎಷ್ಟು ಹೊತ್ತು ಎಂದು ನೋಡುವುದು. ಇಷ್ಟೇ ನಮ್ಮ ಪರೀಕ್ಷೆ. ಗೋಂದು ಇಪ್ಪತ್ತು ನಿಮಿಷ ತಡೆಯಲಿಲ್ಲ. ಸಬ್ಬಕ್ಕಿ ಗಂಜಿ ಮರುದಿನಕ್ಕೆ ನಾರಿತು. ಜೆಲಟಿನ್ ಹಾಕಿದ್ದು ಚೆನ್ನಾಗಿ ಗಟ್ಟಿಯಾಯಿತು ಎಂದು ಖುಷಿಪಟ್ಟೆವು. ಬಾಯಿಯ ಬಿಸಿಗೆ ಅದು ಬೆಣ್ಣೆಯ ಹಾಗೆ ಕರಗಿತು. ಒಂದು ವರ್ಷಕ್ಕೂ ಹೆಚ್ಚು ಹೀಗೆಯೇ ಹೋಯಿತು. ಅವರು ಅಂಥದ್ದಕ್ಕೆ ಜೆಲ್ ಅನ್ನುತ್ತಿದ್ದರು. ನಾನು ಗಂಜಿ ಅನ್ನುತ್ತಿದ್ದೆ.

ಉತ್ತರ ಸಿಕ್ಕಿದ್ದು ಜಗಳೂರಿನಲ್ಲಿ. ಕೆಲವು ಶನಿವಾರ ಅಂಗಡಿಯಿಂದ ರಜೆ ಸಿಕ್ಕರೆ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಹೋಟೆಲಿನ ಪಕ್ಕದ ಕೋಣೆಯಲ್ಲಿ ಅವರು ಕೂರುತ್ತಿದ್ದರು. ಆ ದಿನ ಬಂದವನು ಕಂಬಳಿ ನೇಯುವ ಒಬ್ಬ ಅಜ್ಜ. ಬಾಯಿ ತೆರೆಯುವ ಮೊದಲು ಕೈ ತೊಳೆದುಕೊಳ್ಳುತ್ತೇನೆಂದು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿದರೆ ಹೋಟೆಲಿನ ತೊಟ್ಟಿಯ ಹತ್ತಿರ ಬೆರಳು ತಿಕ್ಕುತ್ತ ಕೂತಿದ್ದ.

"ಏನಜ್ಜಾ ಅದು, ಹೋಗ್ತಾನೇ ಇಲ್ವಲ್ಲ?" ಡಾಕ್ಟರಮ್ಮ ಕೇಳಿದರು.

"ಹುಣ್ಸೆಬೀಜದ ಗಂಜಿ ಕಣವ್ವಾ. ನೂಲು ಹರೀಬಾರ್ದು ಅಂತ ಹಚ್ತೀವಿ. ಇದು ನೀರಿಗೆಲ್ಲ ಹೆದ್ರಾಕಿಲ್ಲ. ಕಂಬಳಿ ನಾಕು ಮಳೆ ಕಾಣ್ಬೇಕು, ಆಮ್ಯಾಕೆ ಬಿಡ್ತೈತೆ. ಅದೂ ಒಂದೇ ಸಲಕ್ಕೆ ಬಿಡಾಕಿಲ್ಲ, ಇಷ್ಟಿಷ್ಟೇ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಅಜ್ಜನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಅವನ ಬೆರಳನ್ನು ತಮ್ಮ ಬೆರಳಿಂದ ಉಜ್ಜಿ ನೋಡಿದರು. ಅವನು ಗಾಬರಿಯಾಗಿ ಹೋಟೆಲಿನವರ ಕಡೆ ನೋಡಿದ.

"ಹಲ್ಲು ಬಾಯಾಗ ಅದಾವವ್ವಾ," ಅಂದ.

ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಸಂಜೆ ಬಸ್ಸಿನಲ್ಲಿ ಒಂದು ಸೇರು ಹುಣಸೆಬೀಜ ಅವರ ಮಡಿಲಲ್ಲಿತ್ತು. ಬೀಜ ಹುರಿದು, ಕಂದು ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದೆವು. ಹಳದಿ ಪುಡಿ ಕಲಸಿ ಲೋಟಕ್ಕೆ ಇಳಿಬಿಟ್ಟೆವು. ಸಂಜೆಗೆ ನೀರು ತಿಳಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ತೀರಾ ನಸು ಹಳದಿ. ಮೂರನೆಯ ದಿನವೂ ಗಾಜಿನ ಮೇಲೆ ಅಂಟು ಉಳಿದಿತ್ತು. ಡಾಕ್ಟರಮ್ಮ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು. ಮೊದಲು ತಮ್ಮ ವಸಡಿನಲ್ಲಿ ಹಾಕಿಕೊಂಡರು, ಆಮೇಲೆ ನನ್ನದರಲ್ಲಿ. ಇಂಜೆಕ್ಷನ್ ಸೂಜಿಯ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದ್ದೆವು, ಅದರಿಂದ ಒಂದು ಸಾಸಿವೆಯಷ್ಟು. ಎರಡು ದಿನ ನಾಲಿಗೆಯ ಪಕ್ಕದಲ್ಲಿ ಸಣ್ಣ ಕಹಿ ಇತ್ತು. ಆ ಕಹಿ ಇದೆಯೆಂದರೆ ಔಷಧಿ ಇನ್ನೂ ಅಲ್ಲೇ ಇದೆ ಎಂದು ಅರ್ಥ. ನಾನು ಗಂಟೆಗೊಮ್ಮೆ ನಾಲಿಗೆ ಹೊರಳಿಸಿ ನೋಡಿಕೊಳ್ಳುತ್ತಿದ್ದೆ.

ಒಂದು ನಗರದ ಕಾಲೇಜಿನ ಪ್ರೊಫೆಸರರಿಗೆ ಅವರು ಪತ್ರ ಬರೆದರು. ಎರಡು ತಿಂಗಳಿಗೆ ಉತ್ತರ ಬಂತು: ಹನ್ನೆರಡು ಜನರ ಮೇಲೆ ಮಾಡಿ, ಮೊದಲಿನ ಅಳತೆ ಬರೆದಿಡಿ, ಆರು ವಾರದ ಮೇಲೆ ನಾನೇ ಬಂದು ಅಳೆಯುತ್ತೇನೆ. ಸರಿಯಾಗಿದ್ದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಮುಂದುವರಿಸೋಣ, ನೀವೂ ಇಲ್ಲಿಗೆ ಬರಬಹುದು. ಪತ್ರವನ್ನು ಅವರು ನನಗೆ ಓದಿ ಹೇಳಲಿಲ್ಲ, ಕೈಗೆ ಕೊಟ್ಟರು. ಕೊನೆಯ ಸಾಲನ್ನು ನಾನು ಓದುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲಿಯ ತನಕ ಅವರಿಗೆ ಚನ್ನಗಿರಿಯಿಂದ ಹೋಗುವ ಆಸೆ ಇದೆ ಎಂದು ನಾನು ಅಂದುಕೊಂಡಿರಲಿಲ್ಲ. ಹೋಗುವ ಆಸೆಯೂ ಅಲ್ಲವೇನೋ... ತಮ್ಮ ಕೆಲಸದ ಬಗ್ಗೆ ಮಾತಾಡುವವರು ನಾಲ್ಕು ಜನ ಇರುವ ಕೋಣೆಯೊಂದರಲ್ಲಿ ಕೂರುವ ಆಸೆ.

ಹನ್ನೆರಡು ಜನ ಸಿಕ್ಕರು. ಹನ್ನೊಂದು ಜನ ನಮ್ಮ ಸುತ್ತಿನವರು, ಹನ್ನೆರಡನೆಯವನು ಜಗಳೂರಿನ ಅಜ್ಜ. ಬಸವಾಪಟ್ಟಣದ, ಅಡಿಕೆ ಸುಲಿಯುವ ಒಬ್ಬ ಅಕ್ಕ ಇದ್ದಳು, ಮಾತಿನಲ್ಲಿ ಯಾರನ್ನೂ ಬಿಡದವಳು. ಹೊನ್ನಾಳಿ ಬಸ್ಸಿನ ಒಬ್ಬ ಕಂಡಕ್ಟರ್ ಇದ್ದ. ಜೆಲ್ ಹಾಕಿದ ಮೇಲೆ ಒಂದು ಹಗಲು ಒಂದು ರಾತ್ರಿ ಎಲೆ ಅಡಿಕೆ, ಹೊಗೆಸೊಪ್ಪು ಬಾಯಿಗೆ ಹಾಕಬಾರದು, ಆ ಕಡೆ ಬೆರಳು ತಾಗಿಸಬಾರದು ಎಂದು ಡಾಕ್ಟರಮ್ಮ ಹೇಳಿದಾಗ ಆ ಅಕ್ಕ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

"ಗಂಡನ್ನ ಬಿಡು ಅನ್ರಿ, ಈವತ್ತೇ ಬಿಡ್ತೀನಿ. ಅಡಿಕೆ ಹೆಂಗ್ರೀ ಬಿಡ್ಲಿ? ದಿನಾ ಅದ್ರ ಮಧ್ಯಾನೇ ಕುಂತಿರ್ತೀನಿ."

"ಒಂದೇ ದಿನ ಕಣಮ್ಮಾ."

"ನೀವು ಕೇಳ್ತೀರಿ ಅಂತ. ಬ್ಯಾರೆ ಯಾರಾದ್ರೂ ಆಗಿದ್ರೆ ಹೋಗ್ರೀ ಅಂತಿದ್ದೆ."

ಬಿಟ್ಟಳು. ಹನ್ನೆರಡು ಜನರೂ ಬಿಟ್ಟರು. ಮರುದಿನ ನಾನು ಹೋಗಿ ಒಬ್ಬೊಬ್ಬರ ಬಾಯಿಯನ್ನೂ ನೋಡಿದ್ದೆ, ಆದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ. ಮೂರನೆಯ ವಾರಕ್ಕೆ ಅಕ್ಕ ರೊಟ್ಟಿ ಕಚ್ಚಿ ತಿನ್ನುತ್ತಿದ್ದಳು. ಕಂಡಕ್ಟರನ ದಿಂಬಿನ ಮೇಲೆ ಬೆಳಿಗ್ಗೆ ಇರುತ್ತಿದ್ದ ರಕ್ತದ ಕಲೆ ನಿಂತಿತ್ತು. ಐದನೆಯ ವಾರ ಡಾಕ್ಟರಮ್ಮ ಕಡ್ಡಿ ಇಳಿಸಿ ನೋಡಿದರು. ಆರು ಇದ್ದ ಕಡೆ ನಾಲ್ಕು, ಏಳು ಇದ್ದ ಕಡೆ ಐದು. ರಕ್ತ ಎಲ್ಲೂ ಇಲ್ಲ, ಅಥವಾ ತೀರಾ ಕಡಿಮೆ. ಒಂದೊಂದು ಅಂಕಿಯನ್ನೂ ನಾನು ಎರಡೆರಡು ಸಲ ಕೇಳಿ ಬರೆದುಕೊಂಡೆ. ಅವರು ಎರಡು ಸಲವೂ ಒಂದೇ ದನಿಯಲ್ಲಿ ಹೇಳಿದರು.

ಪ್ರೊಫೆಸರ್ ಬರುವ ದಿನ ಗೊತ್ತಾಯಿತು. ಜಗಳೂರಿನ ಅಜ್ಜನಿಗೆ ಡಾಕ್ಟರಮ್ಮ ತಾವೇ ಒಂದು ಕಾರ್ಡು ಬರೆದರು. ಉಳಿದವರಿಗೆ ಹೇಳಿಬರಲು ನನ್ನನ್ನು ಕಳಿಸಿದರು.

"ದಿನ, ಹೊತ್ತು ಅಷ್ಟೇ ಹೇಳಿ. ಬೇರೇನೂ ಬೇಡ. ದಿನಾ ಹೇಗಿರ್ತಾರೋ ಹಾಗೇ ಬರ್ಲಿ," ಎಂದರು.

ಈ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೆ. ಕೇಳಿಸಲಿಲ್ಲ, ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮೊದಲು ಸಿಕ್ಕಿದವನು ಕಂಡಕ್ಟರ್. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನು ನಕ್ಕಾಗ ಅಡಿಕೆಯ ಕೆಂಪು ಕರೆ ಹಿಡಿದ ಹಲ್ಲುಗಳು ಕಂಡವು. ಅವು ದಿನಾ ಹಾಗೆಯೇ ಇರುತ್ತಿದ್ದವು. ಆ ದಿನ ಮಾತ್ರ ನನಗೆ ನಗರದಿಂದ ಬರುವ ಪ್ರೊಫೆಸರ್ ಕಣ್ಣಮುಂದೆ ಬಂದರು. ಇಸ್ತ್ರಿ ಮಾಡಿದ ಬಿಳಿ ಕೋಟು, ಕನ್ನಡಕ. ನಮ್ಮವರ ಬಾಯಿ ನೋಡಿ ಅವರು ಮುಖ ಸಿಂಡರಿಸಿದರೆ? ಡಾಕ್ಟರಮ್ಮನ ಮುಂದೆ ನಮ್ಮ ಊರಿನ ಮರ್ಯಾದೆ?

"ದೊಡ್ಡ ಡಾಕ್ಟ್ರು ಬರ್ತಾರಪ್ಪಾ, ಬಾಯಿ ಸ್ವಚ್ಛ ಮಾಡ್ಕೊಂಡು ಬಾ," ಅಂದೆ.

"ಯಾಕ್ ಕಾಂಪೌಂಡ್ರೇ, ನನ್ನೇನು ಹೆಣ್ಣು ತೋರ್ಸಾಕೆ ಕರ್ಕಂಡೋಗ್ತೀರಾ?"

"ಅದೆಲ್ಲ ಇರ್ಲಿ. ಚೆನ್ನಾಗಿ ಉಜ್ಜಿ ಬಾ. ಡಾಕ್ಟರಮ್ಮನ ಮರ್ಯಾದೆ ಪ್ರಶ್ನೆ."

ಒಬ್ಬನಿಗೆ ಹೇಳಿದ ಮೇಲೆ ಎಲ್ಲರಿಗೂ ಹೇಳಿದೆ. ಕೆರೆಬಿಳಚಿಯಲ್ಲಿ ಹೇಳಿದೆ, ಬಸವಾಪಟ್ಟಣದಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ಮಾತು ಇನ್ನೂ ಚೆನ್ನಾಗಿ ಬರುತ್ತಿತ್ತು.

ಆ ದಿನ ಹತ್ತು ಗಂಟೆಗೆ ಹನ್ನೆರಡು ಜನರೂ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಒಗೆದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ. ಪ್ರೊಫೆಸರ್ ಒಳ್ಳೆಯ ಮನುಷ್ಯರೇ. ಬಿಳಿ ಕೋಟು ಹಾಕಿರಲಿಲ್ಲ, ಪ್ರಯಾಣದಲ್ಲಿ ಮುದುರಿದ ಅಂಗಿ ಹಾಕಿದ್ದರು. ಕಾಫಿ ಕುಡಿದು, ಕೈ ತೊಳೆದು, ಮೊದಲು ಬಸವಾಪಟ್ಟಣದ ಅಕ್ಕನನ್ನು ಕುರ್ಚಿಗೆ ಕರೆದರು. ಅವಳು ಬಾಯಿ ತೆರೆದಳು. ಹಲ್ಲುಗಳು ಹಿಂದೆಂದೂ ಕಾಣದಷ್ಟು ಬೆಳ್ಳಗಿದ್ದವು. ವಸಡು ಹಸಿಗಾಯದ ಹಾಗೆ ಕೆಂಪಗೆ ಊದಿತ್ತು. ಪ್ರೊಫೆಸರ್ ಕಡ್ಡಿ ತಾಗಿಸುವ ಮೊದಲೇ ಎರಡು ಕಡೆ ರಕ್ತ ಜಿನುಗಿತು.

"ಏನಮ್ಮಾ ಇದು?" ಡಾಕ್ಟರಮ್ಮನ ದನಿ ತೀರಾ ಸಣ್ಣದಾಗಿತ್ತು.

"ಇಟ್ಟಂಗಿ ಪುಡಿ, ಉಪ್ಪು, ತೆಂಗಿನ ನಾರು," ಅವಳು ಹೆಮ್ಮೆಯಿಂದ ಹೇಳಿದಳು. "ಎರಡು ದಿನದಿಂದ ತಿಕ್ಕೀನ್ರೀ. ಹಿತ್ತಾಳೆ ಕೊಡ ತಿಕ್ಕಿದಂಗೆ ತಿಕ್ಕೀನಿ. ಒಂದು ಕರೆ ತೋರ್ಸಿ ನೋಡಾನ."

ಎರಡನೆಯವನು ಕಂಡಕ್ಟರ್. ಅವನು ಬೂದಿಯಲ್ಲಿ ಉಜ್ಜಿದ್ದ. ಮೂರನೆಯವರು, ನಾಲ್ಕನೆಯವರು... ಹನ್ನೊಂದು ಬಾಯಿಗಳು. ಹನ್ನೊಂದರಲ್ಲೂ ರಕ್ತ. ಊದಿದ ವಸಡಿನಲ್ಲಿ ಕಡ್ಡಿ ನಾಲ್ಕರ ಬದಲು ಆರನೆಯ ಗೆರೆಗೆ ಇಳಿಯುತ್ತಿತ್ತು. ಪ್ರೊಫೆಸರ್ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅದು ನನ್ನ ಕೆಲಸವಾಗಿತ್ತು. ಬರೆದೆ.

ಕೊನೆಯವನು ಜಗಳೂರಿನ ಅಜ್ಜ. ಅವನ ಕಾರ್ಡಿನಲ್ಲಿ ದಿನ, ಹೊತ್ತು ಬಿಟ್ಟರೆ ಏನೂ ಇರಲಿಲ್ಲ. ಹಲ್ಲು ಎಂದಿನಂತೆ ಕರೆ ಹಿಡಿದಿದ್ದವು. ವಸಡು ಮಾತ್ರ ಎಳೆ ಮಗುವಿನ ಅಂಗಾಲಿನ ಬಣ್ಣಕ್ಕಿತ್ತು. ಕಡ್ಡಿ ಮೂರನೆಯ ಗೆರೆಯಲ್ಲಿ ನಿಂತಿತು. ರಕ್ತವಿಲ್ಲ. ಪ್ರೊಫೆಸರ್ ಇನ್ನೊಂದು ಸಲ ಅಳೆದರು. ಮೂರು.

"ಇದು ಚೆನ್ನಾಗಿದೆ," ಅಂದರು. "ಆದರೆ ಇದು ಒಂದೇ."

"ಸರ್, ಇವರು ತಿಕ್ಕಿಕೊಂಡು ಬಂದಿದ್ದಾರೆ. ಇದು ಗಾಯ, ರೋಗ ಅಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡಿದರೆ..."

"ಯಾಕೆ ತಿಕ್ಕಿದರು? ನೀವು ಹೇಳಿದಿರಾ?"

"ಇಲ್ಲ."

ಡಾಕ್ಟರಮ್ಮ ಮೆಟ್ಟಿಲ ಕಡೆ ತಿರುಗಿ ಕೇಳಿದರು. "ಉಜ್ಜಿ ಬನ್ನಿ ಅಂತ ನಿಮಗೆ ಯಾರು ಹೇಳಿದ್ದು?"

ನಾನು ಅವರ ಎಡಗಡೆಗೆ, ಎರಡು ಹೆಜ್ಜೆ ಹಿಂದೆ, ಕಡ್ಡಿಗಳ ತಟ್ಟೆ ಹಿಡಿದು ನಿಂತಿದ್ದೆ. ಕಂಡಕ್ಟರ್ ನನ್ನ ಮುಖ ನೋಡಿದ. ಅಕ್ಕ ನೋಡಿದಳು. ಏನೋ ತಪ್ಪಾಗಿದೆ ಎಂದು ಅವರಿಗೆ ಗೊತ್ತಾಗಿತ್ತು, ಏನು ತಪ್ಪು ಎಂದು ಗೊತ್ತಾಗಿರಲಿಲ್ಲ. ನಾನು ಬಾಯಿ ತೆರೆಯಲಿ ಎಂದು ಅವರು ಸ್ವಲ್ಪ ಹೊತ್ತು ಕಾದರು. ಒಂದು ನಿಮಿಷವೂ ಇರಲಿಕ್ಕಿಲ್ಲ. ಆ ಹೊತ್ತಿನಲ್ಲಿ ಕೆಳಗೆ ಅಂಗಡಿಯ ಮುಂದೆ ಯಾರೋ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು. ನಾನು ಬಾಯಿ ತೆರೆಯಲಿಲ್ಲ.

"ಯಾರು ಹೇಳ್ಬೇಕ್ರಮ್ಮಾ?" ಅಂದಳು ಅಕ್ಕ. "ಮನೀಗೆ ನೆಂಟ್ರು ಬರ್ತಾರೆ ಅಂದ್ರೆ ಕಸ ಹೊಡೆಯಾಕೆ ಯಾರಾದ್ರೂ ಹೇಳ್ಬೇಕಾ? ನಾವೇ ಮಾಡ್ಕಂಡಿದ್ದು."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

"ನೋಡಿ, ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಹೇಳದೇ ಇದ್ದದ್ದನ್ನು ಹನ್ನೊಂದು ಜನ ತಾವಾಗಿಯೇ ಮಾಡುತ್ತಾರೆ ಎಂದರೆ, ಆರು ವಾರ ನೀವು ಹೇಳಿದ್ದನ್ನೇ ಮಾಡಿದರು ಎಂದು ನಾನು ಹೇಗೆ ನಂಬಲಿ?"

ಅದಕ್ಕೆ ಉತ್ತರ ಇದ್ದದ್ದು ನನ್ನ ಹತ್ತಿರ. ಆ ಹನ್ನೊಂದು ಜನ ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ. ಅಡಿಕೆ ಬಿಡಿ ಎಂದಾಗ ಬಿಟ್ಟರು, ಉಜ್ಜಿ ಬನ್ನಿ ಎಂದಾಗ ಉಜ್ಜಿದರು. ಅವರಷ್ಟು ಮಾತು ಕೇಳಿದ ರೋಗಿಗಳು ಆ ಪ್ರೊಫೆಸರರಿಗೆ ಯಾವ ನಗರದಲ್ಲೂ ಸಿಗುತ್ತಿರಲಿಲ್ಲ. "ಹಾಗೆ ಹೇಳಿದವನು ನಾನು ಸರ್" ಎಂಬ ನಾಲ್ಕು ಪದ ಸಾಕಿತ್ತು. ಪ್ರೊಫೆಸರ್ ಮತ್ತೆ ಬರುತ್ತಿದ್ದರೇನೋ. ಬರುತ್ತಿರಲಿಲ್ಲವೇನೋ. ಅದು ನನಗೆ ಗೊತ್ತಿಲ್ಲ. ಆ ನಾಲ್ಕು ಪದವನ್ನು ನಾನು ಹೇಳಲಿಲ್ಲ ಎನ್ನುವುದು ಮಾತ್ರ ಗೊತ್ತು.

ಪ್ರೊಫೆಸರ್ ಹೋದ ಮೇಲೆ ಡಾಕ್ಟರಮ್ಮ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಕೂರಿಸಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಗಾಯಕ್ಕೆ ಔಷಧಿ ಹಚ್ಚಿ ಕಳಿಸಿದರು. ಯಾರಿಗೂ ಒಂದು ಮಾತು ಬೈಯಲಿಲ್ಲ. ಅಕ್ಕ ಇಳಿದು ಹೋಗುವಾಗ, "ಪಾಸಾತಾ ಡಾಕ್ಟ್ರಮ್ಮಾ?" ಎಂದು ಕೇಳಿದಳು.

"ಆಯ್ತು, ಹೋಗಿ ಬಾರಮ್ಮಾ," ಅಂದರು.

ಕಡ್ಡಿಗಳನ್ನು ಕುದಿಯುವ ನೀರಿಗೆ ಹಾಕುತ್ತ ನನಗೆ ಹೇಳಿದರು: "ನನ್ನ ಮರ್ಯಾದೆ ಉಳಿಸೋಕೆ ಅಂತ ಬಾಯಲ್ಲಿ ರಕ್ತ ಬರೋ ಹಾಗೆ ಉಜ್ಜಿಕೊಂಡಿದಾರೆ. ನನಗೋಸ್ಕರ ಯಾರೂ ಇಷ್ಟು ಮಾಡಿರಲಿಲ್ಲ." ಕೊನೆಯ ಕಡ್ಡಿಯನ್ನೂ ಹಾಕಿ, "ಹೇಳಿದವರು ಯಾರೋ ಅವರಿಗೂ ಒಳ್ಳೇದೇ ಮನಸ್ಸಲ್ಲಿ ಇತ್ತು ಅನ್ಸತ್ತೆ," ಅಂದರು. ನನ್ನ ಕಡೆ ತಿರುಗಲಿಲ್ಲ. ಸ್ಟೌವಿನ ಉರಿಯನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಇಷ್ಟು ವರ್ಷ ಆ ಬೆನ್ನನ್ನು ನೆನಪಿಗೆ ತಂದುಕೊಂಡು ನೋಡಿದ್ದೇನೆ. ಬೆನ್ನಿನಿಂದ ಏನೂ ತಿಳಿಯುವುದಿಲ್ಲ.

ಆಮೇಲೆ ಎರಡು ವರ್ಷ ಇದ್ದರು. ಪ್ರೊಫೆಸರರಿಗೆ ಮತ್ತೆ ಮೂರು ಪತ್ರ ಬರೆದರು. ಎರಡಕ್ಕೆ ಉತ್ತರ ಬಂತು, ಮೂರನೆಯದಕ್ಕೆ ಬರಲಿಲ್ಲ. ಮೊದಲು ಜಗಳೂರು ನಿಲ್ಲಿಸಿದರು, ಆಮೇಲೆ ನ್ಯಾಮತಿ, ಆಮೇಲೆ ಹೊನ್ನಾಳಿ. ಭಾನುವಾರದ ಕುರ್ಚಿಯ ಸದ್ದು ವಾರದ ದಿನಗಳಲ್ಲೂ ಕೇಳತೊಡಗಿತು. ಜೆಲ್ಲನ್ನು ಮಾತ್ರ ಬಿಟ್ಟಿರಲಿಲ್ಲ. ಹುಣಸೆಬೀಜದ ದೊಡ್ಡ ತೊಂದರೆಯೆಂದರೆ ಅದು ಬೇಗ ಬೂಸ್ಟು ಹಿಡಿಯುತ್ತದೆ. ಲವಂಗದ ಎಣ್ಣೆ ಎಷ್ಟು ಹನಿ ಹಾಕಿದರೆ ಎಷ್ಟು ದಿನ ತಡೆಯುತ್ತದೆ ಎಂದು ನೋಡುತ್ತಿದ್ದರು. ಯಾರಿಗಾಗಿ ನೋಡುತ್ತಿದ್ದರೋ.

ಎಂಬತ್ತೈದರ ಬೇಸಿಗೆಯಲ್ಲಿ ಡಾಕ್ಟರಮ್ಮ, ತಮ್ಮ ಸ್ವಂತ ಅಕ್ಕನ ಮಗಳು ಇರುವ ಊರಿಗೆ ಹೋಗುತ್ತೇನೆಂದು ಸಾಮಾನು ಕಟ್ಟಿದರು. ಬಸ್ ಸ್ಟ್ಯಾಂಡಿಗೆ ನಾನೊಬ್ಬನೇ ಹೋಗಿದ್ದೆ. ಬಸ್ಸು ಹೊರಡುವ ಮುಂಚೆ ಕಿಟಕಿಯಿಂದ ಒಂದು ಸಣ್ಣ ಬಾಟಲಿ ಕೊಟ್ಟರು. ಹೊಸದಾಗಿ ಮಾಡಿದ ಜೆಲ್, ಮೇಲೆ ಚೀಟಿ. ಜೊತೆಗೆ ವಿಳಾಸ ಬರೆದ ಒಂದು ಕಾರ್ಡು.

"ಇದು ಆರು ಹನಿಯದ್ದು. ಬೂಸ್ಟು ಬಂದ ದಿನ ನನಗೊಂದು ಕಾರ್ಡು ಹಾಕಿ. ಎಲ್ಲಿ ಬಂತು, ಎಷ್ಟನೇ ದಿನ, ಅಷ್ಟು ಬರೆದರೆ ಸಾಕು." ಬಸ್ಸು ಚಲಿಸಿದ ಮೇಲೆ ಇನ್ನೇನೋ ಹೇಳಿದರು. ಇಂಜಿನ್ ಸದ್ದಿನಲ್ಲಿ ನನಗೆ ಕೇಳಲಿಲ್ಲ.

ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಬಾಟಲಿ ನೋಡುತ್ತಿದ್ದೆ. ಬೂಸ್ಟು ಬಂದ ದಿನ ಕಾರ್ಡು ತೆಗೆದು ಕೂತೆ. ಅಷ್ಟು ಬರೆದರೆ ಸಾಕು ಎಂದಿದ್ದರು. ಆದರೆ ಪೆನ್ನು ಹಿಡಿದಾಗ, ಅವರಿಗೆ ಬರೆಯುವ ಮೊದಲ ಕಾರ್ಡಿನಲ್ಲಿ ಬೂಸ್ಟಿನ ಬಗ್ಗೆ ಬರೆದು ಆ ಇನ್ನೊಂದು ಮಾತನ್ನು ಬರೆಯದೆ ಇರುವುದು ಹೇಗೆ ಎಂದು ತೋಚಲಿಲ್ಲ. ನಾಳೆ ಬರೆಯೋಣ ಎಂದು ಎತ್ತಿಟ್ಟೆ. ಆ ನಾಳೆ... ಅವರು ಬಹುಶಃ ಒಂದು ತಿಂಗಳು ಅಂಚೆಯವನ ದಾರಿ ನೋಡಿರಬಹುದು. ಎರಡು ತಿಂಗಳು ನೋಡಿರಬಹುದು. ಆ ಬಾಟಲಿಯಲ್ಲಿ ಆರು ಹನಿ ಎಷ್ಟು ದಿನ ತಡೆಯಿತು ಎಂದು ತಿಳಿಯಲು ಅವರಿಗೆ ಬೇರೆ ದಾರಿ ಇರಲಿಲ್ಲ. ಹತ್ತು ವರ್ಷದ ಮೇಲೆ, ಅವರು ಹೋದ ಊರಿನ ಕಡೆ ತಿರುಗುತ್ತಿದ್ದ ಔಷಧಿ ಕಂಪನಿಯ ಪ್ರತಿನಿಧಿಯೊಬ್ಬ ಮಾತಿನ ನಡುವೆ ಹೇಳಿದ, ಆ ಕಡೆ ಒಬ್ಬ ವಯಸ್ಸಾದ ಲೇಡಿ ಡೆಂಟಿಸ್ಟ್ ಇದ್ದರು, ತೀರಿಕೊಂಡರು, ಅಡುಗೆಮನೆ ತುಂಬ ಹುಣಸೆಬೀಜದ ಡಬ್ಬಿ ಇತ್ತಂತೆ ಎಂದು. ಅವನು ಅದನ್ನು ತಮಾಷೆಗೆ ಹೇಳಿದ್ದ.

ಆ ಮಳೆಯ ದಿನ ನ್ಯಾಮತಿಯಲ್ಲಿ ನನ್ನ ವಸಡಿಗೆ ಔಷಧಿ ಹಾಕಿದ್ದು ಮೊಮ್ಮಗಳ ವಯಸ್ಸಿನ ಒಬ್ಬ ಡಾಕ್ಟರ್. ತೆಳ್ಳನೆಯ, ತುದಿ ಮೊಂಡಾದ ಒಂದು ಸೂಜಿ. ಸಾಸಿವೆಯಷ್ಟು. "ಜೆಲ್ ಅಂಕಲ್, ಒಂದು ವಾರ ಅಲ್ಲೇ ಕೂತು ನಿಧಾನಕ್ಕೆ ಕೆಲಸ ಮಾಡತ್ತೆ. ಆ ಕಡೆ ಉಜ್ಜಬೇಡಿ," ಅಂದಳು. ಉಜ್ಜುವುದಿಲ್ಲಮ್ಮಾ ಎಂದೆ. ನನ್ನ ದನಿ ಕೇಳಿ ಅವಳು ನೋಯಿತೇ ಎಂದು ಕೇಳಿದಳು.

ಮನೆಗೆ ಬಂದು ಹಳೆಯ ಕಾಗದಗಳ ಟ್ರಂಕು ತೆಗೆದೆ. ಕಾರ್ಡು ಇತ್ತು. ವಿಳಾಸದ ಕಡೆ ಅವರ ಅಕ್ಷರ, ಈ ಕಡೆ ಖಾಲಿ. ಅದನ್ನು ಈಗ ಹಾಕಿದರೆ ಓದಲು ಅವರಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬೂಸ್ಟು ಬಂದದ್ದು ಇಪ್ಪತ್ತಮೂರನೆಯ ದಿನ. ಬಾಟಲಿಯ ಕುತ್ತಿಗೆಯ ಹತ್ತಿರ, ಕಿಟಕಿಯ ಕಡೆಗೆ, ಹಸಿರು, ಸಾಸಿವೆಗಿಂತ ಚಿಕ್ಕದು. ಒಳಗಿನದು ಇನ್ನೂ ಚೆನ್ನಾಗಿತ್ತು. ಉಜ್ಜಿ ಬನ್ನಿ ಎಂದು ಹೇಳಿದವನು ನಾನು.